ಐವತ್ತು ನ್ಯೂಟನ್ ಮತ್ತು ಒಂದು ಸೊಪ್ಪಿನ ಬುಟ್ಟಿ

ಕೆಂಪನ್ನು ಹಸಿರು ಮಾಡಲು ಮೂರು ಕ್ಲಿಕ್ ಸಾಕು. ಚಿತ್ರದ ಪಕ್ಕದ ಬಣ್ಣದ ಪಟ್ಟಿಯ ಮೇಲೆ ಒಂದು, ತೊಂಬತ್ತು ಎಂದಿರುವ ಕಡೆ ಇನ್ನೂರು ಎಂದು ತಿದ್ದಲು ಇನ್ನೊಂದು, ಓಕೆ ಒತ್ತಲು ಮತ್ತೊಂದು. ಹೆಂಗಸೊಬ್ಬರ ತಲೆಗೆ ಕೂರಿಸಲಿದ್ದ ಪ್ಲೇಟು ಬಿರುಕು ಬಿಡುತ್ತದೆ ಎನ್ನುತ್ತಿದ್ದ ಚಿತ್ರ, ಮರುಕ್ಷಣವೇ ಏನೂ ತೊಂದರೆಯಿಲ್ಲ ಎನ್ನತೊಡಗುತ್ತದೆ. ಪ್ಲೇಟು ಅದೇ, ತಲೆಯೂ ಅದೇ. ಹಾಗೆ ಬಣ್ಣ ಬದಲಾಯಿಸಿದ ವರದಿಯ ಕೆಳಗೆ ನನ್ನ ಹೆಸರಿತ್ತು. ನೆನೆದರೆ ಈಗಲೂ ಮೈ ಉರಿಯುತ್ತದೆ.

ನಮ್ಮ ಆಫೀಸು ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ, ಒಂದು ಲೇತ್ ವರ್ಕ್‌ಶಾಪಿನ ಮೇಲಿನ ಮಹಡಿಯಲ್ಲಿದೆ. ಕೆಳಗೆ ದಿನವಿಡೀ ಕಬ್ಬಿಣ ಕೊರೆಯುವ ಸದ್ದು, ಮೇಲೆ ನಾವು ಆರು ಜನ. ಅಪಘಾತದಿಂದಲೋ ಕಾಯಿಲೆಯಿಂದಲೋ ತಲೆಬುರುಡೆಯ ಒಂದು ಭಾಗವನ್ನು ಕಳೆದುಕೊಂಡವರಿಗೆ ಅವರವರ ಅಳತೆಯ ಪ್ಲೇಟು ಮಾಡಿಕೊಡುತ್ತೇವೆ. ಆಸ್ಪತ್ರೆಯಿಂದ ಸ್ಕ್ಯಾನ್ ಬರುತ್ತದೆ. ನಮ್ಮ ಡಿಸೈನರ್ ಅದರಿಂದ ಬುರುಡೆಯನ್ನು ಕಂಪ್ಯೂಟರಿನಲ್ಲಿ ಮೂಡಿಸಿ, ಸರಿಯಾಗಿರುವ ಬದಿಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಇಲ್ಲದ ಬದಿಯ ಆಕಾರ ತೆಗೆಯುತ್ತಾನೆ. ಆಮೇಲೆ ಅದು ನನ್ನ ಟೇಬಲ್ಲಿಗೆ ಬರುತ್ತದೆ. ನಾನು ಆ ಪ್ಲೇಟನ್ನು ಕಂಪ್ಯೂಟರಿನಲ್ಲೇ ಲಕ್ಷಾಂತರ ಚೂರುಗಳಾಗಿ ವಿಂಗಡಿಸಿ, ಸ್ಕ್ರೂ ಇರುವ ಕಡೆ ಬಿಗಿಹಿಡಿಸಿ, ಮೇಲೆ ಭಾರ ಹೇರಿ, ಎಲ್ಲಿ ಎಷ್ಟು ಬಾಗುತ್ತದೆ, ಎಲ್ಲಿ ಒತ್ತಡ ಮಿತಿ ಮೀರುತ್ತದೆ ಎಂದು ನೋಡುತ್ತೇನೆ. ತಲೆಯಲ್ಲಿ ಒಡೆಯುವ ಮೊದಲು ಕಂಪ್ಯೂಟರಿನಲ್ಲಿ ಒಡೆದು ನೋಡುವುದು ನನ್ನ ಕೆಲಸ.

ಎಷ್ಟು ಭಾರ ಹೇರಬೇಕು? ನಮ್ಮಲ್ಲಿ ಅದಕ್ಕೊಂದು ಟೆಂಪ್ಲೇಟ್ ಇತ್ತು. ಪ್ಲೇಟಿನ ನಟ್ಟನಡುವೆ ಐವತ್ತು ನ್ಯೂಟನ್, ಅಂದರೆ ಸುಮಾರು ಐದು ಕೆ.ಜಿ. ಮನುಷ್ಯ ಮಗ್ಗುಲಾಗಿ ಮಲಗಿದಾಗ ತಲೆ ದಿಂಬಿನ ಮೇಲೆ ಒತ್ತಿದ ಹಾಗೆ. ಯಾರೇ ಬರಲಿ, ಗುಮಾಸ್ತರೋ ಗಾರೆ ಕೆಲಸದವರೋ, ಐವತ್ತು ನ್ಯೂಟನ್. ಕೂದಲು ಕತ್ತರಿಸುವವನಾದರೂ ಬಂದವರ ತಲೆ ನೋಡಿ ಕತ್ತರಿ ಹಿಡಿಯುತ್ತಾನೆ. ನಾನು ಎಷ್ಟೋ ವರ್ಷ ಅಷ್ಟೂ ನೋಡಿರಲಿಲ್ಲ.

ಈ ಕೇಸಿನ ಜೊತೆ ಬಂದ ಒಂದು ಪುಟದ ಫಾರಂನಲ್ಲಿ ಇದ್ದದ್ದು ಇಷ್ಟು: ಹೆಂಗಸು, ವಯಸ್ಸು ನಲವತ್ತೆಂಟು, ರಸ್ತೆ ದಾಟುವಾಗ ಬೈಕ್ ಡಿಕ್ಕಿ, ಮೆದುಳು ಊದಿಕೊಂಡಿದ್ದರಿಂದ ಬಲಗಡೆಯ ಮೂಳೆ ತೆಗೆದಿದೆ, ತೆಗೆದ ಮೂಳೆಗೆ ಸೋಂಕು ತಗುಲಿದ್ದರಿಂದ ವಾಪಸ್ ಇಡಲಾಗಿಲ್ಲ. ಉದ್ಯೋಗ: ಬಿಸಿನೆಸ್.

ಬಲಗಿವಿಯ ಮೇಲಿನಿಂದ ಹೊರಟು ನಡುನೆತ್ತಿಗೆ ಇನ್ನೆರಡು ಬೆರಳು ಇರುವವರೆಗೆ, ಅಂಗೈಯಗಲ ಜಾಗ ಖಾಲಿ. ಪ್ಲೇಟಿಗೆ ಪೀಕ್ ಎನ್ನುವ ಗಟ್ಟಿ ಪ್ಲಾಸ್ಟಿಕ್, ಮೂರು ಮಿಲಿಮೀಟರ್ ದಪ್ಪ, ಸುತ್ತ ನಾಲ್ಕು ಕಡೆ ಸ್ಕ್ರೂ ಹಾಕಿ ಮೂಳೆಗೆ ಹಿಡಿಸುವ ಟೈಟಾನಿಯಮ್ಮಿನ ಸಣ್ಣ ಕ್ಲಿಪ್ಪುಗಳು. ಐವತ್ತು ನ್ಯೂಟನ್ ಹೇರಿದೆ. ನಮ್ಮಲ್ಲಿ ಒತ್ತಡ ತೊಂಬತ್ತು ಮೆಗಾಪ್ಯಾಸ್ಕಲ್ ಮುಟ್ಟಿದರೆ ಕೆಂಪು ಎಂದು ಬಣ್ಣದ ಪಟ್ಟಿ ಇಟ್ಟುಕೊಂಡಿದ್ದೆವು, ಆ ಪ್ಲಾಸ್ಟಿಕ್ಕಿನ ಮಿತಿ ಅದು. ಇಲ್ಲಿ ಇಪ್ಪತ್ತೊಂದೂ ದಾಟಲಿಲ್ಲ. ಪ್ಲೇಟು ತಿಳಿನೀಲಿಯಾಗಿ ಮುದ್ದಾಗಿ ಕಾಣಿಸಿತು. 'ಪರಿಶೀಲಿಸಿದವರು' ಎಂದಿದ್ದ ಕಡೆ ಹೆಸರು ಹಾಕಿ ಟೀ ಕುಡಿಯಲು ಹೋದೆ.

ಪ್ಲೇಟು ಮಾಡಿಸುವ ಮೊದಲು ಬುರುಡೆಯ ಮತ್ತು ಅದಕ್ಕೆ ಕೂರುವ ಪ್ಲೇಟಿನ ಒಂದೊಂದು ಮಾದರಿಯನ್ನು ಪ್ರಿಂಟ್ ಮಾಡಿ ಸರ್ಜನ್‌ಗೆ ತೋರಿಸುತ್ತೇವೆ. ಅದು ಡಿಸೈನರನ ಕೆಲಸ, ಆದರೆ ಅಂದು ಅವನು ರಜೆಯಲ್ಲಿದ್ದ. ಎರಡನ್ನೂ ಬಟ್ಟೆಚೀಲದಲ್ಲಿ ಹಾಕಿಕೊಂಡು ನಾನೇ ಹೋದೆ. ಡಾಕ್ಟರು ಆಪರೇಷನ್ನಿನಲ್ಲಿದ್ದರು. ಹೊರಗೆ ಬೆಂಚಿನ ಮೇಲೆ ಕಾಯುತ್ತ ಕೂತೆ. ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿದ್ದರು, ತಲೆಗೆ ಸೆರಗು ಹೊದ್ದಿದ್ದರು. ಸೆರಗಿನ ಒಳಗೂ ಬಲಗಡೆಯ ತಗ್ಗು ಕಾಣುತ್ತಿತ್ತು. ನನ್ನ ಚೀಲದಿಂದ ಇಣುಕುತ್ತಿದ್ದ ಬುರುಡೆಯ ಮಾದರಿಯಲ್ಲೂ ಅದೇ ತಗ್ಗು. ಇಷ್ಟು ವರ್ಷ ಈ ಕೆಲಸ ಮಾಡಿ ಒಬ್ಬ ರೋಗಿಯ ಪಕ್ಕ ಕೂತದ್ದು ಅದೇ ಮೊದಲು.

ಅವರ ಜೊತೆಗಿದ್ದ ಮಗಳು, ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವವಳು, ಚೀಲ ನೋಡಿ ಕೇಳಿದಳು.

"ಮೇಡಂ, ಅಮ್ಮಂಗೆ ಪ್ಲೇಟ್ ಮಾಡ್ತಿರೋರು ನೀವೇನಾ?"

"ಹೂಂ. ನಾನು ಕಂಪ್ಯೂಟರಲ್ಲಿ ಚೆಕ್ ಮಾಡೋದು."

"ಹಾಕಿದ್ಮೇಲೆ ಎಷ್ಟು ದಿನಕ್ಕೆ ಅಮ್ಮ ವ್ಯಾಪಾರಕ್ಕೆ ಹೋಗ್ಬೋದು?"

"ಅದು ಡಾಕ್ಟರ್ ಹೇಳ್ಬೇಕು. ಅಂಗಡಿ ಎಲ್ಲಿ ನಿಮ್ದು?"

ಮಗಳು ಅಮ್ಮನ ಮುಖ ನೋಡಿದಳು. ಅಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು.

"ಅಂಗಡಿ ಎಲ್ಲಿಂದ ಬರ್ಬೇಕು ಮೇಡಂ," ಎಂದಳು ಮಗಳು. "ಸೊಪ್ಪಿನ ವ್ಯಾಪಾರ. ತಲೆ ಮೇಲೇ ಅಂಗಡಿ."

ಮಲ್ಲತ್ತಹಳ್ಳಿಯಲ್ಲಿ ಅವರ ಮನೆ. ಬೆಳಿಗ್ಗೆ ಬುಟ್ಟಿ ಹೊತ್ತು ನಾಗರಭಾವಿ, ಜ್ಞಾನಭಾರತಿಯ ಲೇಔಟುಗಳಲ್ಲಿ ಬೀದಿ ಬೀದಿ ಕೂಗಿಕೊಂಡು ಹೋಗಿ ಮಧ್ಯಾಹ್ನಕ್ಕೆ ಬುಟ್ಟಿ ಖಾಲಿ ಮಾಡಿಕೊಂಡು ಬರುವುದು. ಆಸ್ಪತ್ರೆಯ ಕೌಂಟರಿನಲ್ಲಿ ಏನು ಕೆಲಸ ಎಂದು ಕೇಳಿದ್ದಾರೆ. ಇವರು ವ್ಯಾಪಾರ ಅಂದಿದ್ದಾರೆ. ಬರೆದುಕೊಂಡವರು ಬಿಸಿನೆಸ್ ಅಂತ ಬರೆದಿದ್ದಾರೆ. ಯಾರೂ ಸುಳ್ಳು ಹೇಳಿಲ್ಲ. ಬಿಸಿನೆಸ್ ಎಂದು ಓದಿದ ಕೂಡಲೇ ನನ್ನ ಕಣ್ಣ ಮುಂದೆ ಬಂದದ್ದು ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತ ಒಬ್ಬ ಯಜಮಾನಿ. ವಿಜಯನಗರದ ನಮ್ಮ ಮನೆ ಗೇಟಿನಲ್ಲಿ ವಾರಕ್ಕೆ ಮೂರು ದಿನ ಸೊಪ್ಪು ಕೊಳ್ಳುವವಳು ನಾನು. ನನ್ನ ಬುದ್ಧಿಗೆ ಅಲ್ಲೇ ಎರಡು ಬಾರಿಸಬೇಕು ಅನ್ನಿಸಿತು.

"ಬುಟ್ಟಿಯಲ್ಲಿ ಎಷ್ಟು ಕೆ.ಜಿ. ಇರತ್ತಮ್ಮ?" ಎಂದು ಕೇಳಿದೆ.

"ತೂಕ ಯಾರು ಹಾಕವ್ರೆ? ನೂರು ಕಟ್ಟು ಒತ್ಕಂಡು ಒಂಡ್ತಿದ್ದೆ. ದಂಟು, ಮೆಂತ್ಯ, ಸಬ್ಬಸಿಗೆ, ಏನು ಸಿಕ್ಕತದೋ ಅದು."

ಡಾಕ್ಟರು ಹೊರಬಂದರು. ಪ್ಲೇಟಿನ ಮಾದರಿಯನ್ನು ಬುರುಡೆಗೆ ಇಟ್ಟು ನೋಡಿ ಚೆನ್ನಾಗಿ ಕೂರುತ್ತದೆ ಎಂದರು. ನಾನು ಹಿಂದೆಯೇ ಹೋಗಿ, "ಸಾರ್, ಅವರು ತಲೆ ಮೇಲೆ ಬುಟ್ಟಿ ಹೊರ್ತಾರಂತೆ," ಎಂದೆ. "ಹೊರಬೇಡಿ ಅಂತ ಹೇಳೋಣ ಬಿಡಿ," ಎಂದು ಇನ್ನೊಂದು ಕೋಣೆಗೆ ಹೋದರು.

ಮಾರನೆಯ ದಿನ ಮಾರ್ಕೆಟ್ಟಿನಲ್ಲಿ ಮೂರು ಬಗೆಯ ಸೊಪ್ಪು ಹತ್ತು ಹತ್ತು ಕಟ್ಟು ಕೊಂಡು ಆಫೀಸಿಗೆ ಒಯ್ದೆ. ಕೊರಿಯರ್ ಪ್ಯಾಕೆಟ್ ತೂಗುವ ತಕ್ಕಡಿಯ ಮೇಲೆ ಮೊದಲು ಹಾಗೇ ಇಟ್ಟೆ, ಆಮೇಲೆ ನೀರು ಚಿಮುಕಿಸಿ ಇಟ್ಟೆ. ಸೊಪ್ಪಿನವರು ಬಾಡದಿರಲಿ ಎಂದು ಒದ್ದೆ ಗೋಣಿ ಮುಚ್ಚುತ್ತಾರಲ್ಲ, ಒಂದು ಗೋಣಿಚೀಲ ನೆನೆಸಿ ಅದನ್ನೂ ತೂಗಿದೆ. ನಮ್ಮ ಮಾಲೀಕರು ಬಾಗಿಲಲ್ಲಿ ನಿಂತು ನೋಡಿದರು.

"ಏನ್ ಮೇಡಂ, ಆಫೀಸೋ ಸಂತೆನೋ ಇದು?"

"ಲೋಡ್ ತೂಗ್ತಾ ಇದೀನಿ ಸಾರ್."

ನೂರು ಕಟ್ಟಿಗೆ ಲೆಕ್ಕ ಹಾಕಿ, ಬುಟ್ಟಿ, ಒದ್ದೆ ಗೋಣಿ ಎಲ್ಲ ಸೇರಿಸಿದರೆ ಇಪ್ಪತ್ತನಾಲ್ಕು ಕೆ.ಜಿ. ಬಂತು. ಟೆಂಪ್ಲೇಟಿನ ಐದು ಕೆ.ಜಿ.ಯ ಸುಮಾರು ಐದು ಪಟ್ಟು. ಅದೂ ಬುಟ್ಟಿ ತಲೆಯ ಮೇಲೆ ಸುಮ್ಮನೆ ಕೂತಿದ್ದಾಗ. ಎತ್ತಿ ಇಡುವಾಗ ದೊಪ್ಪೆಂದು ಕೂತರೆ ಅದರ ಎರಡರಷ್ಟು ಹಿಡಿಯಬೇಕು.

ಎಷ್ಟು ಭಾರ ಎಂಬುದಕ್ಕಿಂತ ಎಲ್ಲಿ ಬೀಳುತ್ತದೆ ಎಂಬುದು ಮುಖ್ಯ. ಬುಟ್ಟಿ ನೇರವಾಗಿ ತಲೆಯ ಮೇಲೆ ಕೂರುವುದಿಲ್ಲ, ಸಿಂಬೆಯ ಮೇಲೆ ಕೂರುತ್ತದೆ. ಬಟ್ಟೆಯನ್ನು ಹಗ್ಗದಂತೆ ಹೊಸೆದು ಬಳೆಯಾಕಾರಕ್ಕೆ ಸುತ್ತಿದ ಸಿಂಬೆ ಭಾರವನ್ನೆಲ್ಲ ಒಂದು ಉಂಗುರದ ಮೇಲೆ ಇಳಿಸುತ್ತದೆ. ಟವೆಲ್ಲಿನಿಂದ ಸಿಂಬೆ ಮಾಡಿದೆ. ಪ್ರಿಂಟ್ ಮಾಡಿದ ಬುರುಡೆಗೆ ಪ್ಲೇಟಿನ ಮಾದರಿ ಕೂರಿಸಿ, ಮೇಲೆಲ್ಲ ಕೆಂಪು ರಂಗೋಲಿ ಪುಡಿ ಉದುರಿಸಿ, ಸಿಂಬೆ ಇಟ್ಟು ಎರಡೂ ಕೈಯಿಂದ ಒತ್ತಿ ತೆಗೆದೆ. ಟವೆಲ್ಲು ಎಲ್ಲಿ ಮುಟ್ಟಿತ್ತೋ ಅಲ್ಲಿ ಪುಡಿ ಅಂಟಿಕೊಂಡು ಹೋಗಿತ್ತು. ಉಂಗುರದ ಮೂರನೆಯ ಒಂದು ಭಾಗ ನೆಟ್ಟಗೆ ಪ್ಲೇಟಿನ ಮೇಲಂಚಿನ ಮೇಲೆ, ಎರಡು ಕ್ಲಿಪ್ಪುಗಳ ನಡುವೆ ಬಿದ್ದಿತ್ತು. ಅಲ್ಲಿ ನಾವು ಒಂದು ಗುಲಗಂಜಿಯ ಭಾರವನ್ನೂ ಹೇರಿ ನೋಡಿರಲಿಲ್ಲ.

ಮೊದಲ ಸಲ ಲೆಕ್ಕ ಓಡಿಸಿದಾಗ ಪ್ಲೇಟು ತಡೆದುಕೊಂಡಿತು. ಖುಷಿಯಾಯಿತು, ಬೆನ್ನಿಗೇ ಅನುಮಾನವೂ ಬಂತು. ನೋಡಿದರೆ ಟೆಂಪ್ಲೇಟಿನಲ್ಲಿ ಪ್ಲೇಟಿನ ಅಂಚು ಸುತ್ತಲೂ ಮೂಳೆಗೆ ಅಂಟು ಹಾಕಿದಂತೆ ಕೂಡಿಕೊಂಡಿತ್ತು. ನಿಜವಾದ ತಲೆಯಲ್ಲಿ ಪ್ಲೇಟಿಗೂ ಮೂಳೆಗೂ ನಡುವೆ ಅರ್ಧ ಮಿಲಿಮೀಟರ್ ಸಂದು ಇರುತ್ತದೆ, ಹಿಡಿದಿರುವುದು ಕ್ಲಿಪ್ಪುಗಳು ಮಾತ್ರ. ಆ ಸಂದನ್ನು ಸೇರಿಸಿದೆ. ಲೆಕ್ಕ ಕೂಡಿಬರದೆ ಪ್ರೋಗ್ರಾಂ ಅರ್ಧಕ್ಕೇ ನಿಂತಿತು. ಭಾರವನ್ನು ಒಮ್ಮೆಗೇ ಹೇರುವ ಬದಲು ಸಣ್ಣ ಸಣ್ಣ ಕಂತಿನಲ್ಲಿ ಹೇರಿದೆ, ಮತ್ತೂ ನಿಂತಿತು. ಅಂಚಿನ ಚೂರುಗಳನ್ನು ಇನ್ನೂ ಕಿರಿದು ಮಾಡಿದೆ. ಎರಡು ದಿನ ಹೀಗೇ ಹೋಯಿತು. ಮೂರನೆಯ ದಿನ ಮಧ್ಯಾಹ್ನ ಊಟದ ಡಬ್ಬಿ ಮುಚ್ಚುವಷ್ಟರಲ್ಲಿ ಲೆಕ್ಕ ಮುಗಿದಿತ್ತು. ಮೇಲಂಚು ಒಳಕ್ಕೆ ಎರಡು ಮಿಲಿಮೀಟರ್ ಕುಸಿದಿತ್ತು, ಸ್ಕ್ರೂ ರಂಧ್ರದ ಬಳಿ ಒತ್ತಡ ನೂರಾಮೂವತ್ತು. ಕಡುಗೆಂಪು. ಅದೂ ಒಂದೇ ಸಲ ಹೇರಿದ ಭಾರಕ್ಕೆ. ಆಕೆ ದಿನಕ್ಕೆ ಎಷ್ಟು ಮನೆ ಮುಂದೆ ಬುಟ್ಟಿ ಇಳಿಸಿ ಮತ್ತೆ ಹೊರುತ್ತಾರೋ ಅಷ್ಟು ಸಲ ಅದೇ ಜಾಗ ಬಾಗಿ ಏಳಬೇಕು.

ಈ ಪ್ಲೇಟು ಬೇಡ ಎಂದು ವರದಿ ಬರೆದು ಮಾಲೀಕರಿಗೆ ಕೊಟ್ಟೆ. "ನೋಡ್ತೀನಿ," ಎಂದರು.

ಎರಡು ದಿನ ಬಿಟ್ಟು ಡಾಕ್ಟರ ಫೋನ್ ಬಂತು. "ಮೇಡಂ, ನಿಮ್ಮ ಬುಟ್ಟಿ ರಿಪೋರ್ಟ್ ನೋಡಿದೆ. ಎಲ್ಲ ಗ್ರೀನೇ ಇದೆಯಲ್ಲ. ಒಳ್ಳೇದಾಯ್ತು. ಮುಂದಿನ ವಾರ ಆಪರೇಷನ್ ಹಾಕ್ಕೊಂಡಿದೀನಿ."

ಫೋನಿನಲ್ಲಿ ಏನು ಹೇಳಿದೆನೋ ನೆನಪಿಲ್ಲ. ಆಫೀಸಿನಿಂದ ಡಾಕ್ಟರಿಗೆ ಕಳಿಸಿದ ಫೈಲ್ ತೆರೆದು ನೋಡಿದೆ. ನನ್ನದೇ ಚಿತ್ರ, ಹಸಿರಾಗಿತ್ತು. ಪಕ್ಕದ ಪಟ್ಟಿಯಲ್ಲಿ ತೊಂಬತ್ತು ಇದ್ದ ಕಡೆ ಇನ್ನೂರು. 'ಈ ಪ್ಲೇಟು ಬೇಡ' ಎಂದು ನಾನು ಬರೆದ ಸಾಲು ಇರಲಿಲ್ಲ. ನನ್ನ ಹೆಸರು ಇತ್ತು. ಡಿಸೈನರನ ಟೇಬಲ್ಲಿಗೆ ಹೋದೆ. ಮೂವತ್ತು ದಾಟಿದ, ಎರಡು ಮಕ್ಕಳ ತಂದೆ ಅವನು, ನನ್ನ ಮುಖ ನೋಡಿಯೇ ಎದ್ದು ನಿಂತ.

"ಸಾರ್ ಹೇಳಿದ್ರು ಮೇಡಂ. ರೆಡ್ ನೋಡಿದ್ರೆ ಡಾಕ್ಟರ್ ಗಾಬರಿ ಆಗ್ತಾರೆ, ನೀಟಾಗಿ ಕಾಣ್ಲಿ ಅಂದ್ರು. ನಂಬರ್ ಒಂದೂ ಮುಟ್ಟಿಲ್ಲ ನಾನು, ಬೇಕಾದ್ರೆ ನೋಡಿ."

ನಿಜವೇ. ನೂರಾಮೂವತ್ತು ಎಂಬ ಸಂಖ್ಯೆ ಮೂಲೆಯಲ್ಲಿ ಇರುವೆಯಷ್ಟು ಚಿಕ್ಕದಾಗಿ ಹಾಗೇ ಇತ್ತು. ಸುಳ್ಳು ಬರೆದಿದ್ದರೆ ಕೊರಳಪಟ್ಟಿ ಹಿಡಿಯಬಹುದಿತ್ತು. ಇದು ಸುಳ್ಳಲ್ಲ, ಬಣ್ಣ. ಕಣ್ಣು ಮೊದಲು ಬಣ್ಣ ನೋಡುತ್ತದೆ ಎಂದು ಗೊತ್ತಿದ್ದೇ ಮಾಡಿದ ಕೆಲಸ. ಮಾಲೀಕರ ಕೋಣೆಗೆ ಬಾಗಿಲು ತಟ್ಟದೆ ನುಗ್ಗಿದೆ.

"ಕೂತ್ಕೊಳ್ಳಿ ಮೇಡಂ, ಕೂತ್ಕೊಳ್ಳಿ," ಎಂದರು. "ಐವತ್ತು ನ್ಯೂಟನ್‌ಗೆ ಪಾಸಾಗಿದೆಯಾ ಇಲ್ವಾ? ಆಗಿದೆ. ಮಿಕ್ಕಿದ್ದೆಲ್ಲ ನಿಮ್ಮ ಕಲ್ಪನೆ. ನಾವು ಸೊಪ್ಪಿನ ಬುಟ್ಟಿಗೆ ಪ್ಲೇಟ್ ಮಾಡಲ್ಲ, ತಲೆಗೆ ಮಾಡ್ತೀವಿ."

"ಬುಟ್ಟಿ ಇರೋದು ತಲೆ ಮೇಲೇ ಸಾರ್."

"ಡಾಕ್ಟರ್ ಹೊರಬೇಡಿ ಅಂತಾರೆ, ಅವರು ಹೊರಲ್ಲ. ಮುಗೀತಲ್ಲ. ಒಂದೊಂದು ಪೇಷೆಂಟಿಗೂ ಹಿಂಗೆ ಕೂತ್ರೆ ಕೆಲಸ ನಡಿಯತ್ತಾ?"

"ನನ್ನ ಹೆಸರು ತೆಗೀರಿ."

"ಹೆಸರು ತೆಗೆದ್ರೆ ರಿಪೋರ್ಟೇ ಇಲ್ಲ."

"ಹಂಗಾದ್ರೆ ರಿಪೋರ್ಟ್ ಇಲ್ಲ," ಎಂದೆ. ಲ್ಯಾಪ್‌ಟಾಪ್, ಬುರುಡೆಯ ಮಾದರಿ, ಟವೆಲ್ಲಿನ ಸಿಂಬೆ ಎಲ್ಲವನ್ನೂ ಚೀಲಕ್ಕೆ ತುರುಕಿಕೊಂಡು ಮೆಟ್ಟಿಲಿಳಿದೆ. ಕೆಳಗೆ ಲೇತ್‌ನವರು "ಏನ್ ಮೇಡಂ, ಇಷ್ಟು ಬೇಗ?" ಎಂದು ಕೇಳಿದರು. ಅವರಿಗೂ ಸಿಡುಕಿಬಿಟ್ಟೆ. ಪಾಪ, ಅವರದೇನೂ ತಪ್ಪಿರಲಿಲ್ಲ.

ಡಾಕ್ಟರ ಎದುರು ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟೆ. ಬಣ್ಣದ ಪಟ್ಟಿಯನ್ನು ಅವರ ಕಣ್ಣೆದುರೇ ಇನ್ನೂರರಿಂದ ತೊಂಬತ್ತಕ್ಕೆ ಇಳಿಸಿದೆ. ಹಸಿರು ಕೆಂಪಾಯಿತು. ಅವರಿಗೆ ನನ್ನ ಮೇಲೆಯೇ ಸಿಟ್ಟು ಬಂತು.

"ನಿಮ್ಮ ಆಫೀಸಿನ ಜಗಳ ನನ್ನ ಹತ್ರ ಯಾಕೆ ತರ್ತೀರಿ? ಹೊರಬಾರದು ಅಂತ ಪೇಷೆಂಟಿಗೆ ಹೇಳ್ತೀನಿ ಅಂದ್ನಲ್ಲ ನಾನು."

"ಹೇಳಿದೀರಾ ಸಾರ್?"

ಅವರು ಗಂಟೆ ಒತ್ತಿದರು. ಆಪರೇಷನ್ನಿಗೆ ಮುಂಚಿನ ರಕ್ತಪರೀಕ್ಷೆಗೆಂದು ಅಮ್ಮ, ಮಗಳು ಅಂದು ಅಲ್ಲೇ ಇದ್ದರು. ಒಳಗೆ ಕರೆಸಿದರು.

"ಅಮ್ಮಾ, ಪ್ಲೇಟ್ ಹಾಕಿದ್ಮೇಲೆ ತಲೆ ಮೇಲೆ ಏನೂ ಹೊರಬಾರದು. ಗೊತ್ತಾಯ್ತಾ?"

"ಹೂಂ ಸಾರ್."

"ಯಾವತ್ತೂ ಹೊರಬಾರದು."

"ಹೂಂ ಸಾರ್."

ಮುಗಿಯಿತಲ್ಲ ಎಂಬಂತೆ ಡಾಕ್ಟರು ನನ್ನ ಕಡೆ ನೋಡಿದರು. ಆ ಹೂಂ ನನಗೆ ಚೆನ್ನಾಗಿ ಗೊತ್ತು. ಬ್ಯಾಂಕಿನಲ್ಲಿ, ತಾಲ್ಲೂಕು ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ ನಮ್ಮ ಜನ ಹೇಳುವ ಹೂಂ ಅದು. ನಿಮ್ಮ ಮಾತು ಕಿವಿಗೆ ಬಿತ್ತು ಎಂದು ಅದರ ಅರ್ಥ, ಒಪ್ಪಿದೆ ಎಂದಲ್ಲ. ಆ ಹೂಂ ನಂಬಿಕೊಂಡು ಎಷ್ಟು ಫೈಲುಗಳು ಮುಚ್ಚಿವೆಯೋ.

ಚೀಲದಿಂದ ಸಿಂಬೆ ತೆಗೆದು ಅವರ ಕೈಗೆ ಕೊಟ್ಟೆ. "ಹೇಗೆ ಇಟ್ಕೊಳ್ತಿದ್ರಿ ಒಂಚೂರು ತೋರಿಸಮ್ಮ."

ಅವರು ಬಲಗೈಯಲ್ಲಿ ಸಿಂಬೆ ಹಿಡಿದು ಒಮ್ಮೆ ಹಿಚುಕಿ ನೋಡಿ, ಸಡಿಲ ಎಂದು ಗೊಣಗಿ, ತಲೆಯ ಮೇಲೆ ಇಟ್ಟುಕೊಂಡರು. ನೆತ್ತಿಯ ಮೇಲಲ್ಲ, ಎಡಕ್ಕೆ. ಕತ್ತು ಸ್ವಲ್ಪ ವಾಲಿಸಿಕೊಂಡರು.

"ಮೊದ್ಲು ನಡುಮಧ್ಯಕ್ಕೆ ಮಡಗ್ತಿದ್ದೆ. ಈಗ ಇಂಗೆ ಪಕ್ಕಕ್ಕೆ. ಬಲಗಡೆ ಮೆತ್ತಗದೆಯಲ್ಲ."

"ಈಗ ಅಂದ್ರೆ?" ಎಂದರು ಡಾಕ್ಟರು.

ಮಗಳು ತಲೆ ತಗ್ಗಿಸಿದಳು. ಅಮ್ಮನಿಗೆ ಬಾಯಿ ಜಾರಿದ್ದು ಗೊತ್ತಾಯಿತು.

"ಒಂದಿಪ್ಪತ್ತು ಕಟ್ಟು ಅಷ್ಟೇ ಸಾರ್. ದೂರ ಏನೂ ಓಗಲ್ಲ, ಪಕ್ಕದ ಬೀದಿ ತಂಕ."

ಮೂಳೆಯಿಲ್ಲದ ತಲೆ. ಚರ್ಮದ ಕೆಳಗೆ ನೇರ ಮೆದುಳು. ಡಾಕ್ಟರು ಕುರ್ಚಿಯಿಂದ ಎದ್ದರು. ಬೈದರು, ಚೆನ್ನಾಗಿಯೇ ಬೈದರು. ಬಿದ್ದರೆ ಏನು ಗತಿ, ಜಾರಿದರೆ ಏನು ಗತಿ, ತಳ್ಳುಗಾಡಿ ಇಟ್ಟುಕೊಳ್ಳೋಕೆ ಆಗಲ್ವಾ ಎಂದರು. ಆಕೆ ಎಲ್ಲವನ್ನೂ ಕೇಳಿಸಿಕೊಂಡು, ಈ ಸಲ ಹೂಂ ಎನ್ನಲಿಲ್ಲ.

"ಗಾಡಿ ತಳ್ಳಕ್ಕೆ ಎಲ್ಡು ಕೈಲೂ ಬಲ ಬೇಕು ಸಾರ್. ಏಟು ಬಿದ್ದಾಗಿಂದ ಎಡಗೈ ಇಡೀತಾನೇ ಇಲ್ಲ. ಒಂದು ಕಡೆ ಕೂತ್ಕಂಡು ಮಾರಾನ ಅಂದ್ರೆ ಎಲ್ಲಿ ಕೂತ್ಕಂಡ್ರೂ ಎಬ್ಬುಸ್ತಾರೆ. ತಲೆ ಒಂದೇ ಸಾರ್ ನಂಗೆ ಸರಿಯಾಗಿರದು. ನೀವು ಅದನ್ನ ಗಟ್ಟಿ ಮಾಡ್ಕೊಡ್ತೀರಿ ಅಂತ ತಾನೆ ಬಂದಿರದು?"

ಡಾಕ್ಟರು ಕೂತು ಆಪರೇಷನ್ ಪಟ್ಟಿ ತೆಗೆದು ಆಕೆಯ ಹೆಸರಿನ ಮೇಲೆ ಗೀಟು ಎಳೆದರು. ಮೂರು ವಾರ ಮುಂದೆ ಬರೆದುಕೊಂಡರು. ಅಲ್ಲಿಯವರೆಗೆ ಬುಟ್ಟಿ ಮುಟ್ಟಕೂಡದು ಎಂದು ಮಗಳ ಕೈಲಿ ಆಣೆ ಹಾಕಿಸಿಕೊಂಡರು. ಆಮೇಲೆ ನನ್ನನ್ನು ಕೇಳಿದರು, "ಏನು ಮಾಡ್ಬೋದು ಹೇಳಿ."

ಡಾಕ್ಟರೇ ಫೋನ್ ಮಾಡಿ ಬೇರೆ ಡಿಸೈನ್ ಬೇಕೆಂದು ಹೇಳಿದ್ದರಿಂದ ಮಾಲೀಕರು ನನ್ನನ್ನು ಏನೂ ಅನ್ನಲಿಲ್ಲ. ಹತ್ತು ದಿನ ಮುಖವನ್ನೂ ನೋಡಲಿಲ್ಲ. ಡಿಸೈನರ್ ಮಾತ್ರ ಬೆಳಿಗ್ಗೆ ನನಗಿಂತ ಮೊದಲೇ ಬಂದು ಕೂತಿರುತ್ತಿದ್ದ. ಕ್ಷಮಿಸಿ ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೂ ನಾನು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ.

ಹಳೆಯ ಪ್ಲೇಟು ಬುರುಡೆಯ ರಂಧ್ರದೊಳಗೆ ಕೂರುತ್ತಿತ್ತು, ಬಿಲ್ಲೆ ಇಟ್ಟಂತೆ. ಭಾರ ಬಿದ್ದರೆ ಒಳಕ್ಕೆ ಹೋಗುವುದನ್ನು ತಡೆಯುವುದು ಕ್ಲಿಪ್ಪುಗಳು ಮಾತ್ರ. ಹೊಸದನ್ನು ಪಾತ್ರೆಯ ಮುಚ್ಚಳದ ಹಾಗೆ ಮಾಡೋಣ ಎಂದುಕೊಂಡೆವು. ಮೇಲಂಚಿನ ಉದ್ದಕ್ಕೂ ಒಂದು ತುಟಿ ಹೊರಚಾಚಿ ಗಟ್ಟಿ ಮೂಳೆಯ ಮೇಲೆ ಕೂರಬೇಕು, ಭಾರ ಸ್ಕ್ರೂಗಳ ಮೇಲೆ ಬೀಳದೆ ಮೂಳೆಗೆ ಇಳಿಯಬೇಕು. ಮೊದಲ ಡಿಸೈನಿನಲ್ಲಿ ತುಟಿಯ ಒಳಮೂಲೆ ಚೂಪಾಗಿತ್ತು, ಒತ್ತಡವೆಲ್ಲ ಅಲ್ಲೇ ಸೇರಿ ಮತ್ತೆ ಕೆಂಪು. ಮೂಲೆಯನ್ನು ದುಂಡಗೆ ಮಾಡಿಸಿದೆ. ಎರಡನೆಯದನ್ನು ಡಾಕ್ಟರು ಒಪ್ಪಲಿಲ್ಲ. ನಡುನೆತ್ತಿಯ ಕೆಳಗೆ ದೊಡ್ಡ ರಕ್ತನಾಳ ಇದೆ, ಅಲ್ಲಿಗೆ ಹತ್ತಿರ ಸ್ಕ್ರೂ ಬೇಡ ಎಂದರು. ಕ್ಲಿಪ್ಪುಗಳನ್ನು ಕೆಳಕ್ಕೆ ಸರಿಸಿ ನಾಲ್ಕರ ಬದಲು ಆರು ಮಾಡಿದೆವು. ಮೇಲ್ಭಾಗದ ದಪ್ಪವನ್ನು ಮೂರರಿಂದ ಐದಕ್ಕೆ ಏರಿಸಿದೆವು. ತುಟಿ ಇರುವ ಕಡೆ ತಲೆ ಒಂದೂವರೆ ಮಿಲಿಮೀಟರ್ ಉಬ್ಬುತ್ತದೆ. "ಇದೇನ್ರೀ ಇಷ್ಟು ಒರಟು, ನಮ್ಮ ಪ್ಲೇಟಿಗೆ ಮರ್ಯಾದೆ ಇಲ್ವಾ," ಎಂದು ಮಾಲೀಕರು ಹತ್ತು ದಿನದ ಮೌನ ಮುರಿದರು.

ಐದನೆಯ ಡಿಸೈನಿಗೆ ತುಂಬಿದ ಬುಟ್ಟಿ ಹೇರಿದಾಗ ಒತ್ತಡ ಮೂವತ್ತೆಂಟಕ್ಕೆ ನಿಂತಿತು. ದೊಪ್ಪೆಂದು ಕೂತರೆ ಎಪ್ಪತ್ತೈದು. ಕೆಂಪು ಇಲ್ಲ, ಪಟ್ಟಿಯಲ್ಲಿ ತೊಂಬತ್ತು ತೊಂಬತ್ತೇ ಇತ್ತು. ಆದರೂ ನನಗೆ ಸಮಾಧಾನವಾಗಲಿಲ್ಲ. ಒಮ್ಮೆಗೆ ತಡೆಯುವ ಪ್ಲಾಸ್ಟಿಕ್ ದಿನಕ್ಕೆ ನಲವತ್ತು ಸಲ, ವರ್ಷಗಟ್ಟಲೆ ಎಪ್ಪತ್ತೈದನ್ನು ತಡೆಯುತ್ತದೆ ಎಂದು ನಾನು ಎದೆ ಮುಟ್ಟಿಕೊಂಡು ಹೇಳಲಾರೆ. ವರ್ಷಗಟ್ಟಲೆ ತಡೆಯುವ ಭಾರ ಎಷ್ಟು ಎಂದು ಲೆಕ್ಕವನ್ನು ಹಿಂದಿನಿಂದ ಹಾಕಿಕೊಂಡು ಬಂದೆ. ಒದ್ದೆ ಗೋಣಿಯೂ ಸೇರಿ ಹದಿನೈದು ಕೆ.ಜಿ.ಯವರೆಗೆ ಧೈರ್ಯ ಬಂತು. ಅದನ್ನು ವರದಿಯ ಕೊನೆಯ ಪುಟದಲ್ಲಿ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದೆ.

ಮಾಲೀಕರು ಆ ಪುಟ ಹಿಡಿದುಕೊಂಡು ಬಂದರು. "ಹದಿನೈದು ಅಂತ ಬರೆದ್ರೆ, ಹೊರಬಹುದು ಅಂತ ನಾವೇ ಹೇಳ್ದಂಗಾಯ್ತು. ನಾಳೆ ಏನಾದ್ರೂ ಆದ್ರೆ ನಮ್ಮ ತಲೆಗೇ ಬರತ್ತೆ."

ಅವರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಅದು ಗೊತ್ತಿದ್ದರಿಂದ ನನಗೆ ಇನ್ನಷ್ಟು ಸಿಟ್ಟು ಬಂತು. "ಬರೀದೆ ಇದ್ರೆ ಅವರ ತಲೆಗೆ ಬರತ್ತೆ ಸಾರ್," ಎಂದೆ. ಅವರು ಪುಟ ಮೇಜಿನ ಮೇಲೆ ಎಸೆದು ಹೋದರು. ಅದು ವರದಿಯ ಜೊತೆಯಲ್ಲೇ ಹೋಯಿತು. ಅದರ ಇನ್ನೊಂದು ಪ್ರತಿಯನ್ನು ಮಗಳ ಕೈಗೆ ನಾನೇ ಕೊಟ್ಟೆ.

ಆಪರೇಷನ್ ಚೆನ್ನಾಗಿ ಆಯಿತು. ಪ್ಲೇಟು ಮೊದಲ ಸಲಕ್ಕೇ ಕೂತಿತು ಎಂದು ಡಾಕ್ಟರು ಫೋನ್ ಮಾಡಿದರು. ಹೊರಬಾರದು ಎಂದು ಇನ್ನೊಮ್ಮೆ ಹೇಳಿದ್ದೇನೆ ಎಂದೂ ಸೇರಿಸಿದರು. ಆಕೆ ಏನಂದರು ಎಂದು ನಾನು ಕೇಳಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಮಲ್ಲತ್ತಹಳ್ಳಿಯ ಕಡೆ ಹೋದೆ. ಕೆಲಸವೇನೂ ಇರಲಿಲ್ಲ. ಕೆರೆಯ ಈಚೆಯ ಬೀದಿಯಲ್ಲಿ ಸ್ಕೂಟರ್ ನಿಲ್ಲಿಸುವಷ್ಟರಲ್ಲಿ ಕೂಗು ಕೇಳಿಸಿತು. ಒಂದು ಮನೆಯ ಗೇಟಿನ ಮುಂದೆ ಬುಟ್ಟಿ ಇಳಿಸಿಕೊಂಡು ಕೂತಿದ್ದರು. ತಲೆಗೂದಲು ಬೆಳೆದಿತ್ತು, ತಗ್ಗು ಇರಲಿಲ್ಲ. ನನ್ನನ್ನು ಗುರುತು ಹಿಡಿದು ನಕ್ಕರು. ನನ್ನ ಕೈ ಹಿಡಿದು ಎಳೆದು ತಮ್ಮ ನೆತ್ತಿಯ ಪಕ್ಕ ಇಟ್ಟುಕೊಂಡರು. ಬೆರಳಿಗೆ ಉಬ್ಬು ಸಿಕ್ಕಿತು.

"ಇಲ್ಲಿ ಏರು ಮಡಗವ್ರಲ್ಲ, ಭಾಳ ಚೆನ್ನಾಗದೆ ಕಣಮ್ಮ. ಸಿಂಬೆ ಜಾರಾದೇ ಇಲ್ಲ ಈಗ."

"ಚೀಟಿಯಲ್ಲಿ ಬರೆದಿದ್ನಲ್ಲ, ಓದಿದ್ರಾ?" ಎಂದೆ.

"ಮಗಳು ಓದೇಳಿದ್ಲು. ಅದ್ನೈದು ಕೆ.ಜಿ."

"ಅಷ್ಟೇ ತಾನೆ ಹೊರ್ತಿರೋದು?"

"ಹೂಂ," ಎಂದರು.

ಗೇಟಿನ ಒಳಗಿದ್ದವರು ಸೊಪ್ಪು ತೆಗೆದುಕೊಂಡು ಬಾಗಿಲು ಹಾಕಿಕೊಂಡಿದ್ದರು. ಆಕೆ ಒದ್ದೆ ಗೋಣಿ ಸರಿಮಾಡಿ, ಸಿಂಬೆಯನ್ನು ನಡುನೆತ್ತಿಗೆ ಇಟ್ಟುಕೊಂಡು, ಮಂಡಿಯ ಮೇಲೆ ಕೂತು ನನ್ನ ಕಡೆ ನೋಡಿದರು. ಎಡಗೈ ಇನ್ನೂ ಮೇಲೇಳುತ್ತಿರಲಿಲ್ಲ.

"ಒಂಚೂರು ಕೈ ಕೊಡಮ್ಮ."

ಬಗ್ಗಿ ಬುಟ್ಟಿಯ ಕೆಳಗೆ ಎರಡೂ ಕೈ ಹಾಕಿ ಎತ್ತಿದೆ. ಎತ್ತಿದ ಕೂಡಲೇ ಗೊತ್ತಾಯಿತು. ತಕ್ಕಡಿ ಬೇಕಿರಲಿಲ್ಲ, ಇಪ್ಪತ್ತಕ್ಕೆ ಕಡಿಮೆ ಇರಲಿಲ್ಲ. ಆಕೆಯ ಮೇಲೆ ಸಿಟ್ಟು ಬಂತು, ಹದಿನೈದು ಎಂದು ಬರೆದು ಕೈತೊಳೆದುಕೊಂಡ ನನ್ನ ಮೇಲೆ ಇನ್ನೂ ಹೆಚ್ಚು ಬಂತು. ಕೆಳಗಿಡಿ, ಅರ್ಧ ತೆಗೆಯಿರಿ ಎನ್ನಬೇಕು ಎಂದುಕೊಂಡೆ. ಆದರೆ ತೆಗೆದ ಅರ್ಧವನ್ನು ಆಕೆ ಎಲ್ಲಿ ಇಡಬೇಕು? ಬುಟ್ಟಿಯನ್ನು ಸಿಂಬೆಯ ಮೇಲೆ, ದಡಕ್ಕೆನ್ನದ ಹಾಗೆ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಇಳಿಸಿದೆ. ಆಕೆ ಬಲಗೈಯಿಂದ ಅಂಚು ಹಿಡಿದು ಎದ್ದು ನಿಂತರು. ನಾನೂ ಜೊತೆಗೇ ಎದ್ದೆ. ಭಾರವೆಲ್ಲ ಆಕೆಯ ತಲೆಗೆ ಹೋಗಿತ್ತು, ನನ್ನ ಕೈಗಳು ಮಾತ್ರ ಬುಟ್ಟಿಯ ಕೆಳಗೇ ಇದ್ದವು.

"ಬಿಡಮ್ಮ," ಎಂದರು. "ಯಾಪಾರಕ್ಕೆ ಒತ್ತಾಯ್ತದೆ, ಬಿಡು."